ಇಪ್ಪತ್ತನೆಯ ಒಂದು

ಪೃಥ್ವಿರಾಜ್ ಮೇಷ್ಟ್ರು ಆವತ್ತು ಬಾಯಿ ಮುಚ್ಚಿಕೊಂಡು ಟೀ ಕುಡಿದು ಎದ್ದು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ಬಾಗೂರಿನ ಏಕೋಭಾವ ವಿದ್ಯಾವರ್ಧಕ ಸಂಘಕ್ಕೆ ಹತ್ತೊಂಬತ್ತು ಜನ ನಿರ್ದೇಶಕರು. ಹೆಸರು ಏಕೋಭಾವ, ಭಾವ ಮಾತ್ರ ಎರಡು. ಹತ್ತು ಜನ ಅಧ್ಯಕ್ಷ ಪರಮಶಿವಯ್ಯನವರ ಕಡೆ, ಒಂಬತ್ತು ಜನ ಉಪಾಧ್ಯಕ್ಷ ಕಾಂತರಾಜು ಕಡೆ. ಅಧ್ಯಕ್ಷರದು ಕೊಬ್ಬರಿ ಮಂಡಿ, ಉಪಾಧ್ಯಕ್ಷರದು ಸಿಮೆಂಟ್ ಅಂಗಡಿ. ಶಾಲೆಗೆ ಹೊಸ ಗಂಟೆ ತರಬೇಕೆಂದಾಗ ಅದು ಕಂಚಿನದೋ ಹಿತ್ತಾಳೆಯದೋ ಎಂದು ಮೂರು ಸಭೆ ನಡೆದು, ಕೊನೆಗೆ ಹಳೆಯ ರೈಲು ಕಂಬಿಯ ತುಂಡನ್ನೇ ಬಡಿಯುವುದೆಂದು ತೀರ್ಮಾನವಾಗಿತ್ತು.

ಶಾಲೆಯ ಬೆಳ್ಳಿಹಬ್ಬದ ಸಭೆಯಲ್ಲೂ ಅದೇ ಗಲಾಟೆ. ಮುಂಬಾಗಿಲಲ್ಲಿ ಏನಿರಬೇಕು? ಒಬ್ಬರು ಕಾರಂಜಿ ಎಂದರು, ಒಬ್ಬರು ಕಮಾನು ಎಂದರು. ಎರಡು ಗಂಟೆ ಕೂಗಾಡಿದ ಮೇಲೆ ಪರಮಶಿವಯ್ಯನವರು ಟವೆಲಿನಿಂದ ಮುಖ ಒರೆಸಿಕೊಂಡು, "ಅತ್ತೊಂಬತ್ತು ಜನ ಇದ್ದೀವಿ, ಅತ್ತೊಂಬತ್ತು ದಿಕ್ಕಿಗೆ ಎಳೀತೀವಿ. ಇದು ಉದ್ಧಾರ ಆಯ್ತದಾ?" ಎಂದು ನಿಟ್ಟುಸಿರುಬಿಟ್ಟರು.

ಎಸ್ಸೆಸ್ಸೆಲ್ಸಿ ಫಲಿತಾಂಶ ಒಪ್ಪಿಸಲು ಬಂದು ಮೂಲೆಯಲ್ಲಿ ಟೀ ಹೀರುತ್ತಿದ್ದ ಗಣಿತದ ಮೇಷ್ಟ್ರಿಗೆ ಹತ್ತೊಂಬತ್ತು ಎಂಬುದು ಕಿವಿಗೆ ಬಿದ್ದದ್ದೇ ತಡ, ಸುಮ್ಮನಿರಲಾಗಲಿಲ್ಲ.

"ಸಾರ್, ಹತ್ತೊಂಬತ್ತು ಒಂದುಗಳನ್ನ ಸಾಲಾಗಿ ಬರೆದರೆ ಒಂದು ದೊಡ್ಡ ಸಂಖ್ಯೆ ಬರುತ್ತೆ. ಅದು ಅವಿಭಾಜ್ಯ ಸಂಖ್ಯೆ. ಎರಡರಿಂದ ಆಗಲಿ, ಮೂರರಿಂದ ಆಗಲಿ, ಮೂರು ಸಾವಿರದಿಂದ ಆಗಲಿ, ಶೇಷ ಉಳೀದಂಗೆ ಅದನ್ನ ಯಾರೂ ಭಾಗಿಸೋಕೆ ಆಗಲ್ಲ. ಅದನ್ನ ಭಾಗಿಸೋದು ಎರಡೇ. ಒಂದು, ಇಲ್ಲ ಅದೇ."

ಸಭೆ ಒಂದು ನಿಮಿಷ ಮೌನವಾಯಿತು. ಆ ಸಂಘದ ಇಪ್ಪತ್ತೈದು ವರ್ಷದ ಇತಿಹಾಸದಲ್ಲಿ ಅಂಥ ಮೌನ ಶ್ರದ್ಧಾಂಜಲಿಯಲ್ಲಿ ಬಿಟ್ಟರೆ ಇನ್ಯಾವಾಗಲೂ ಆಗಿರಲಿಲ್ಲ.

"ಒಬ್ಬೊಬ್ಬರಿಗೂ ಒಂದೊಂದು ಒಂದು!" ಎಂದರು ಪರಮಶಿವಯ್ಯ.

"ಯಾರೂ ದೊಡ್ಡೋರಲ್ಲ, ಯಾರೂ ಚಿಕ್ಕೋರಲ್ಲ!" ಎಂದರು ಕಾಂತರಾಜು.

ಅಲ್ಲಿಗೆ ಮುಗಿಯಿತು. ಹನ್ನೆರಡಡಿ ಉದ್ದದ ಕಪ್ಪು ಕಲ್ಲಿನ ಮೇಲೆ ಹತ್ತೊಂಬತ್ತು ಕನ್ನಡದ ೧. ಅದರ ಕೆಳಗೆ, "ಈ ಸಂಖ್ಯೆಯನ್ನು ಯಾರೂ ಒಡೆಯಲಾರರು, ನಮ್ಮ ಸಂಘವನ್ನೂ." ಇನ್ನೂ ಕೆಳಗೆ ಚಿಕ್ಕ ಅಕ್ಷರದಲ್ಲಿ, "ಸಂಖ್ಯೆ ಸೂಚಿಸಿದವರು: ಎಸ್. ಬಿ. ಪೃಥ್ವಿರಾಜ್, ಎಂ.ಎಸ್ಸಿ." ಕಲ್ಲಿನ ಅನಾವರಣಕ್ಕೆ ಹಾಸನದಿಂದ ನಿವೃತ್ತ ಗಣಿತ ಪ್ರಾಧ್ಯಾಪಕಿ ಪ್ರೇಮಕುಮಾರಿ ಅವರನ್ನು ಕರೆಯುವುದೆಂದಾಯಿತು. ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಐದು ವರ್ಷದಿಂದ ತಾತ್ಕಾಲಿಕ ಶಿಕ್ಷಕರಾಗಿಯೇ ಸವೆಯುತ್ತಿದ್ದ ಪೃಥ್ವಿರಾಜ್‌ಗೆ ಕೆಲಸ ಖಾಯಂ ಮಾಡಿದ ಆರ್ಡರನ್ನು ಅದೇ ವೇದಿಕೆಯಲ್ಲಿ ಕೊಡುತ್ತೇನೆಂದು ಅಧ್ಯಕ್ಷರು ಎಲ್ಲರೆದುರಿಗೆ ಮಾತು ಕೊಟ್ಟರು.

ಬೆಳ್ಳಿಹಬ್ಬದ ದಿನ ಬೆಳಗ್ಗೆ ಒಂಬತ್ತಕ್ಕೆ ಪೃಥ್ವಿರಾಜ್ ಸಾಲಗಾಮೆಯಿಂದ ಎರಡು ಬಸ್ಸು ಬದಲಾಯಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಮುದುರದ ಹಾಗೆ ನಿಂತುಕೊಂಡೇ ಬಂದು ಶಾಲೆಯ ಮುಂದೆ ಇಳಿದರು. ಕಲ್ಲನ್ನು ಹಿಂದಿನ ದಿನವೇ ನಿಲ್ಲಿಸಿಯಾಗಿತ್ತು. ಬಿಸಿಯೂಟದ ಅಡುಗೆಯ ರೇವಮ್ಮ ಪೂಜೆಗೆಂದು ಪ್ರತಿ ಅಂಕಿಗೂ ಅರಿಶಿನ ಕುಂಕುಮ ಇಡುತ್ತಿದ್ದಳು. ಸಾಲಾಗಿ ಕೆತ್ತಿದ ೧ಗಳು ಮಳೆ ನಿಂತ ಮೇಲೆ ಗೋಡೆ ಹತ್ತಿದ ಬಸವನಹುಳುಗಳ ಹಾಗೆ ಕಾಣುತ್ತಿದ್ದವು.

"ಏನ್ ರೇವಮ್ಮ, ಚೆನ್ನಾಗಿದೆಯಾ?"

"ಸೆಂದಾಗೈತೆ ಸಾ. ಆದ್ರೆ ನೀವು ಅತ್ತೊಂಬತ್ತು ಅಂದಿದ್ರಿ. ನಾನು ಇಪ್ಪತ್ತು ಬೊಟ್ಟು ಇಟ್ಟೆ."

ಪೃಥ್ವಿರಾಜ್ ನಕ್ಕರು. "ಸರಿಯಾಗಿ ಎಣಿಸಮ್ಮ."

"ದಿನಾ ನೂರೆಂಬತ್ತು ತಟ್ಟೆ ಎಣಿಸೋಳು ಸಾ ನಾನು. ಇಪ್ಪತ್ತು ಎಣ್ಸಕ್ಕೆ ಬರಾಕಿಲ್ವಾ?"

ಮೇಷ್ಟ್ರು ಬೆರಳಿಟ್ಟು ಎಣಿಸಿದರು. ಇಪ್ಪತ್ತು. ಬಲದಿಂದ ಎಡಕ್ಕೆ ಎಣಿಸಿದರು. ಇಪ್ಪತ್ತು. ಕಣ್ಣು ಮುಚ್ಚಿ ತೆರೆದು ಮತ್ತೆ ಎಣಿಸಿದರು. ಕಲ್ಲು ಮನಸ್ಸು ಬದಲಾಯಿಸಲಿಲ್ಲ. ಬೆವರು ಕುತ್ತಿಗೆಯಿಂದ ಇಳಿದು, ಅಷ್ಟು ಜೋಪಾನವಾಗಿ ತಂದಿದ್ದ ಅಂಗಿಯನ್ನು ಬೆನ್ನಿಗಂಟಿಸಿತು.

ಕಲ್ಲು ಕೆತ್ತಿದ ಭೀಮಣ್ಣ ಚನ್ನರಾಯಪಟ್ಟಣದಿಂದ ಬೈಕಿನಲ್ಲಿ ಬಂದ.

"ಭೀಮಣ್ಣ, ಹತ್ತೊಂಬತ್ತು ಅಂತ ಬರೆದುಕೊಟ್ಟಿದ್ದೆ ಅಲ್ವಾ? ಇಪ್ಪತ್ತು ಯಾಕಪ್ಪಾ?"

"ಹೋದ್ವಾರ ಅಮ್ಮಾವ್ರು ಬಂದಿದ್ರು ಸಾ," ಎಂದ ಭೀಮಣ್ಣ, ಏನೂ ಆಗಿಲ್ಲವೆಂಬಂತೆ.

"ಯಾವ ಅಮ್ಮಾವ್ರು?"

"ಅಧ್ಯಕ್ಷರ ಮನೆಯೋರು. ಸುವರ್ಣಮ್ಮನೋರು. ಮಹಿಳಾ ಪ್ರತಿನಿಧಿ ಅಂತ ಅವರ್ನೂ ಕಮಿಟಿಗೆ ತಗೊಂಡವ್ರಂತೆ. 'ಇದ್ರಾಗೆ ನಂದು ಯಾವುದಪ್ಪಾ?' ಅಂದ್ರು. ನಾನು ಎಣಿಸ್ದೆ, ಅವರ್ದು ಇರ್ಲಿಲ್ಲ. ಪಕ್ಕದಾಗೆ ಜಾಗ ಇತ್ತು, ಒಂದು ಕೆತ್ತುಬುಟ್ಟೆ. ಒಂದು ತಾನೆ ಸಾ!"

"ಒಂದು ತಾನೆ ಅಂತೀಯಲ್ಲೋ! ಎರಡೆರಡು ಒಂದನ್ನ ಜೋಡಿ ಮಾಡು. ಹನ್ನೊಂದು, ಹನ್ನೊಂದು, ಹನ್ನೊಂದು, ಹಿಂಗೆ ಹತ್ತು ಜೋಡಿ. ಅಂದರೆ ಹನ್ನೊಂದರಿಂದ ನೀಟಾಗಿ ಭಾಗ ಹೋಗುತ್ತೆ. ಯಾರೂ ಒಡೆಯಲಾರರು ಅಂತ ಕೆಳಗೆ ಬರೆದಿದ್ದೀಯ. ಆರನೇ ಕ್ಲಾಸಿನ ಮಗು ಒಡೆಯುತ್ತೆ! ಬರೋರು ಗಣಿತದ ಪ್ರೊಫೆಸರು!"

ಭೀಮಣ್ಣ ಕಲ್ಲನ್ನೇ ನೋಡಿದ. "ಮುಚ್ಚಬೌದು ಸಾ. ಕಲ್ಲಿನ ಪುಡಿ, ಅಂಟು ಸೇರಿಸಿ ಮೆತ್ತಿ, ಪಾಲಿಷ್ ಹಾಕುದ್ರೆ ಗೊತ್ತೇ ಆಗಲ್ಲ. ಅರ್ಧ ಗಂಟೆ ಕೆಲಸ. ಯಾವುದ್ನ ಮುಚ್ಚನ?"

"ಯಾವುದಾದರೂ ಮುಚ್ಚು. ಎಲ್ಲಾ ಒಂದೇ!"

ಗಣಿತದ ಮಟ್ಟಿಗೆ ಅದು ನೂರಕ್ಕೆ ನೂರು ಸತ್ಯ. ಆದರೆ ಆ ಹೊತ್ತಿಗೆ ನಿರ್ದೇಶಕರು ಒಬ್ಬೊಬ್ಬರಾಗಿ ಬರತೊಡಗಿದ್ದರು, ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ಸುಳ್ಳು ಬೇರೆ ಇರಲಿಲ್ಲ.

ಮೊದಲು ಬಂದವರು ಕಾಂತರಾಜು. ವಿಷಯ ಕೇಳಿ ಅವರ ಮುಖ ಹುಣ್ಣಿಮೆಯಾಯಿತು. "ಕೊನೇದು ಮುಚ್ಚಿ ಮೇಷ್ಟ್ರೆ! ಅದೇ ತಾನೆ ಎಕ್ಸ್‌ಟ್ರಾ? ಮಾತೇ ಬ್ಯಾಡ, ಮುಚ್ಚಿ!"

ಹಿಂದೆಯೇ ಪರಮಶಿವಯ್ಯನವರ ಕಾರು ನಿಂತಿತು. ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿ ಅವರು ಜುಬ್ಬದ ಗುಂಡಿ ತಿರುಗಿಸುತ್ತಾ, "ಕೊನೇದು ಅಂದ್ರೆ ನಮ್ಮ ಮನೆಯೋರ್ದು?" ಎಂದರು.

"ಯಾರದು ಅಂತ ಇಲ್ಲ ಸಾರ್. ಅಂಕಿಗಳಿಗೆ ಹೆಸರಿಲ್ಲ."

"ಅದನ್ನ ನೀವೇ ಫೋನ್ ಮಾಡಿ ಅವರ್ಗೆ ಹೇಳ್ತೀರಾ?"

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಪರಮಶಿವಯ್ಯನವರೇ ಧೈರ್ಯ ಮಾಡಿ ಪಕ್ಕಕ್ಕೆ ಹೋಗಿ ಫೋನ್ ಮಾಡಿದರು. ಆ ಕಡೆಯಿಂದ ಬಂದದ್ದು ಒಂದೇ ವಾಕ್ಯ. ಆದರೆ ಅದು ಮೊಬೈಲಿನಿಂದ ಹೊರಬಂದು, ಶಾಮಿಯಾನ ದಾಟಿ, ಅಡುಗೆ ಕೋಣೆಯಲ್ಲಿ ಹುಳಿಗೆ ಬೇಳೆ ಹಾಕುತ್ತಿದ್ದ ರೇವಮ್ಮನಿಗೂ ಕೇಳಿಸಿತು: "ನನ್ನ ಒಂದು ಮುಚ್ಚಿದ್ರೆ, ಇವತ್ತಿನಿಂದ ನಿಮ್ಮ ಮನೆ ಬಾಗ್ಲೂ ಮುಚ್ತು!"

ಅಧ್ಯಕ್ಷರು ವಾಪಸು ಬಂದು, "ಕೊನೇದು ಗಟ್ಟಿಯಾಗೈತೆ, ಅದು ಇರ್ಲಿ. ಮೊದಲನೇದು ಮುಚ್ಚಿ," ಎಂದರು.

"ಮೊದಲನೇದು ಸ್ಥಾಪಕರದ್ದು. ನಮ್ಮಪ್ಪಂದು!" ಎಂದು ಅರಕಲಗೂಡಿನ ನಿರ್ದೇಶಕರು ಎದ್ದರು.

"ಮಧ್ಯದ್ದು?"

"ಮಧ್ಯದ್ದು ಮುಚ್ಚಿದರೆ ಬಾಯಲ್ಲಿ ಹಲ್ಲು ಬಿದ್ದಂಗೆ ಕಾಣುತ್ತೆ. ಅದೂ ಅಲ್ದೆ ಅದು ನಂದು," ಎಂದರು ಹೊಳೆನರಸೀಪುರದವರು.

ಹನ್ನೊಂದು ಗಂಟೆಯ ಹೊತ್ತಿಗೆ ಇಪ್ಪತ್ತಕ್ಕೂ ವಾರಸುದಾರರು ಹುಟ್ಟಿಕೊಂಡಿದ್ದರು. ಒಬ್ಬರಂತೂ ತಮ್ಮದೆಂದು ನಂಬಿದ ಒಂಬತ್ತನೆಯ ಒಂದರ ಮುಂದೆ ಕುರ್ಚಿ ಹಾಕಿಕೊಂಡು ಕಾಲು ಮೇಲೆ ಕಾಲು ಹಾಕಿ ಕುಳಿತೇಬಿಟ್ಟರು. ಭೀಮಣ್ಣ ಕಲಸಿದ್ದ ಅಂಟು ಡಬ್ಬಿಯಲ್ಲೇ ಗಟ್ಟಿಯಾಗಿ, ಕೋಲು ಅದರೊಳಗೆ ನಿಂತುಹೋಯಿತು.

"ಒಂದು ದೊಡ್ಡ ಹಾರ ಹಾಕಿ ಮುಚ್ಚಿಬಿಟ್ರೆ?" ಎಂದರು ಯಾರೋ.

"ಹಾರ ನಾಳೆ ಒಣಗುತ್ತೆ ಸಾರ್. ಕಲ್ಲು ಒಣಗಲ್ಲ," ಎಂದರು ಪೃಥ್ವಿರಾಜ್.

ಆಗ ಕಾಂತರಾಜು ತೊಡೆ ತಟ್ಟಿದರು. "ಕಳೆಯೋದು ಯಾಕ್ರೀ? ಕೂಡಿ! ಅಧ್ಯಕ್ಷರ ಮನೆಯೋರು ಕಮಿಟಿಗೆ ಬರಬೌದು ಅಂದ್ರೆ ಉಪಾಧ್ಯಕ್ಷರ ಮನೆಯೋರೇನು ಪಾಪ ಮಾಡವ್ರಾ? ನಮ್ಮ ಮಾನಸಾನ್ನ ಸೇರಿಸಿ. ಇಪ್ಪತ್ತೊಂದಾಯ್ತು. ಬೆಸ ಸಂಖ್ಯೆ. ಜೋಡಿ ಆಗಲ್ಲ, ಹನ್ನೊಂದರ ಕಾಟ ತಪ್ತು. ಹೆಂಗೆ?"

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ಆದರೆ ಸಂಖ್ಯೆಯ ವಿಷಯದಲ್ಲಿ ಅವರಿಗೆ ಸುಳ್ಳು ಬಾಯಿಗೇ ಬರುತ್ತಿರಲಿಲ್ಲ. ಬೇರೆ ವಿಷಯದಲ್ಲೂ ಅಷ್ಟೇನೂ ಅಭ್ಯಾಸವಿರಲಿಲ್ಲ.

"ಇಪ್ಪತ್ತೊಂದು ಒಂದುಗಳನ್ನ ಕೂಡಿದರೆ ಇಪ್ಪತ್ತೊಂದು. ಅದು ಮೂರರ ಮಗ್ಗಿಯಲ್ಲಿದೆ. ಆದ್ದರಿಂದ ಸಂಖ್ಯೆ ಮೂರರಿಂದ ಒಡೆಯುತ್ತೆ ಸಾರ್."

"ಇನ್ನೊಂದು ಹಾಕಿ! ನಮ್ಮ ಭಾಮೈದ ಅವ್ನೆ!" ಎಂದರು ಕಾಂತರಾಜು.

"ಇಪ್ಪತ್ತೆರಡು. ಮತ್ತೆ ಜೋಡಿ. ಮತ್ತೆ ಹನ್ನೊಂದು."

"ಇದೇನ್ರೀ ಇದು, ಹಾಳಾದ್ದು ಒಂದು ಕೂಡಿದ್ರೂ ಒಡೀತದೆ, ಎರಡು ಕೂಡಿದ್ರೂ ಒಡೀತದೆ!" ಎಂದು ಪರಮಶಿವಯ್ಯ ರೇಗಿದರು. "ನಮ್ಮ ಸಂಘದಂಗೇ ಐತಲ್ಲ!"

ಪೃಥ್ವಿರಾಜ್ ತಲೆ ತಗ್ಗಿಸಿ ನಿಂತಿದ್ದವರು ಥಟ್ಟನೆ ಮುಖ ಎತ್ತಿದರು. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಮಂಚದ ಮೇಲೆ ಕುಳಿತು ಓದಿದ ಪುಟವೊಂದು ಕಣ್ಣ ಮುಂದೆ ಬಂದಿತ್ತು. "ಇಪ್ಪತ್ತಮೂರು! ಸಾರ್, ಇಪ್ಪತ್ತಮೂರು ಒಂದುಗಳು! ಅದೂ ಅವಿಭಾಜ್ಯ ಸಂಖ್ಯೆ! ಬರೀ ಒಂದುಗಳಿಂದಲೇ ಆಗೋ ಅವಿಭಾಜ್ಯ ಸಂಖ್ಯೆಗಳಲ್ಲಿ ಹತ್ತೊಂಬತ್ತರ ಮುಂದಿನದು ಇಪ್ಪತ್ತಮೂರೇ!"

ಕಾಂತರಾಜು ಮೇಷ್ಟ್ರನ್ನು ತಬ್ಬಿಕೊಂಡರು. ಪರಮಶಿವಯ್ಯನವರು ಮಾತ್ರ ಬೆರಳು ಮಡಚತೊಡಗಿದರು. ಮಂಡಿ ನಡೆಸಿದವರ ಬೆರಳು ಅದು, ಬೇಗ ಓಡಿತು. ಹೆಂಡತಿ ಸೇರಿ ತಮ್ಮ ಕಡೆ ಹನ್ನೊಂದು. ಮಾನಸಾ, ಭಾಮೈದ ಸೇರಿದರೆ ಕಾಂತರಾಜು ಕಡೆಯೂ ಹನ್ನೊಂದು. ಹಾಗಾದರೆ ಇಪ್ಪತ್ತಮೂರನೆಯವರು ಯಾರ ಕಡೆಯೋ ಸಂಘ ಅವರ ಕಡೆ.

ಇಪ್ಪತ್ತಮೂರನೆಯ ಒಂದಕ್ಕಾಗಿ ಮತ್ತೊಂದು ಗಂಟೆ ಕಚ್ಚಾಟ ನಡೆಯಿತು. ಇವರು ಹೇಳಿದ ಹೆಸರು ಅವರಿಗಾಗದು, ಅವರು ಹೇಳಿದ್ದು ಇವರಿಗಾಗದು. "ಮೇಷ್ಟ್ರೇ ಇರ್ಲಿ ಬುಡಿ," ಎಂದು ಯಾರೋ ಅಂದಾಗ ಪೃಥ್ವಿರಾಜ್ ಎದೆ ಒಂದು ಕ್ಷಣ ಉಬ್ಬಿತು. ಆದರೆ ಶಾಲೆಯ ನೌಕರರು ಸದಸ್ಯರಾಗಕೂಡದೆಂದು ನಿಯಮಾವಳಿಯಲ್ಲಿದೆ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅವರು ಒಪ್ಪಿದ ನಿಯಮ ಅದೊಂದೇ.

ಅಷ್ಟರಲ್ಲಿ ಗಂಟೆ ಎರಡಾಯಿತು. ರೇವಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದು, "ಉಣ್ಣಾಕ್ ಬತ್ತೀರೋ, ಇಲ್ಲ ಹುಳಿ ಕೆಡಲೋ?" ಎಂದು ಕೇಳಿದಳು.

ಪರಮಶಿವಯ್ಯ ಅವಳನ್ನು ನೋಡಿದರು. ಮಗಳ ಮದುವೆಗೆ ಅಡುಗೆ ಮಾಡಿದವಳು, ನಮ್ಮವಳೇ. ಕಾಂತರಾಜೂ ನೋಡಿದರು. ತಾಯಿಯ ತಿಥಿಗೆ ಅಡುಗೆ ಮಾಡಿದವಳು, ನಮ್ಮವಳೇ. ಅವಳಿಗೆ ಸಂಬಳ ಬರುವುದು ಸರ್ಕಾರದ ಬಿಸಿಯೂಟದಿಂದ, ಶಾಲೆಯಿಂದಲ್ಲ, ನಿಯಮಾವಳಿಗೂ ಅಡ್ಡಿಯಿಲ್ಲ.

"ರೇವಮ್ಮ, ನೀನು ಇವತ್ತಿಂದ ನಮ್ಮ ಸಂಘದ ನಿರ್ದೇಶಕಿ ಕಣಮ್ಮಾ!" ಎಂದರು ಅಧ್ಯಕ್ಷರು.

ರೇವಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಂದು ಸಲ ಎಲ್ಲರನ್ನೂ ದಿಟ್ಟಿಸಿದಳು. "ಆಯ್ತು ಬುಡಿ. ಮೊದ್ಲು ಉಂಡೋಗಿ. ಆಮ್ಯಾಕೆ ಅಡುಗೆ ಮನೆ ಸೂರು ಸೋರ್ತೈತೆ, ಅದ್ನ ಮೀಟಿಂಗ್‌ನಾಗೆ ಬರ್ಕಳಿ," ಎಂದಳು. ಆ ಸಂಘದಲ್ಲಿ ವರ್ಷಗಳ ಮೇಲೆ ಕೇಳಿಬಂದ ಮೊದಲ ಕೆಲಸದ ಮಾತು ಅದು.

ಭೀಮಣ್ಣ ಊಟ ಬಿಟ್ಟು ಮೆಷಿನ್ ಹಿಡಿದ. ಎಡಕ್ಕೆ ಒಂದು, ಬಲಕ್ಕೆ ಎರಡು. ಕಲ್ಲಿನ ಎರಡೂ ತುದಿಗೆ ಕೆತ್ತಿದ್ದ ತಾವರೆಗಳು ಪುಡಿಯಾಗಿ ಹಾರಿದವು. ಪೃಥ್ವಿರಾಜ್ ಪಕ್ಕದಲ್ಲೇ ನಿಂತು, ಇನ್ಯಾರ ಮನೆಯವರೂ ಹತ್ತಿರ ಬಾರದಂತೆ ಕಾವಲು ಕಾದರು. ಬಿಳಿ ಅಂಗಿಯ ಮೇಲೆ ಕಲ್ಲುಪುಡಿ ಕೂತು, ಅವರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತಾದರು. ಮೂರೂ ಮುಕ್ಕಾಲಿಗೆ ಕೊನೆಯ ಒಂದಕ್ಕೆ ಬಣ್ಣ ತುಂಬಿತು. ಮೇಷ್ಟ್ರು ಎಣಿಸಿದರು. ಇಪ್ಪತ್ತಮೂರು. ನಾಲ್ಕಕ್ಕೆ ಪ್ರೊಫೆಸರ್ ಕಾರು ಬಂತು.

ಪ್ರೇಮಕುಮಾರಿ ಅವರು ಪರದೆ ಸರಿಸಿ, ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದನ್ನೇ ಎಣಿಸಿದರು. ಬಣ್ಣ ಇನ್ನೂ ಹಸಿಯಾಗಿದ್ದರಿಂದ ಪ್ರೊಫೆಸರ್ ಬೆರಳು ಹಳದಿಯಾಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಇಪ್ಪತ್ತಮೂರು!" ಎಂದು ಅವರು ಮೈಕಿನ ಮುಂದೆ ನಿಂತು ಹೇಳಿದರು. "ನಲವತ್ತು ವರ್ಷ ಪಾಠ ಮಾಡಿದ್ದೀನಿ. ಈ ಸಂಖ್ಯೆಯನ್ನ ಕಲ್ಲಲ್ಲಿ ಕೆತ್ತಿಸಿದವರನ್ನ ಇವತ್ತೇ ನೋಡ್ತಿರೋದು. ಇದನ್ನ ಸೂಚಿಸಿದ ಮೇಷ್ಟ್ರು ಈ ಶಾಲೆಯ ಭಾಗ್ಯ."

ಚಪ್ಪಾಳೆ ಮೊಳಗಿತು. ಪರಮಶಿವಯ್ಯನವರು ಜೇಬಿನಿಂದ ಕವರು ತೆಗೆದರು. ಪೃಥ್ವಿರಾಜ್ ಎದ್ದು ನಿಂತರು. ಇನ್ನು ನಾಲ್ಕೇ ಹೆಜ್ಜೆ. ಮೂರು ಹೆಜ್ಜೆ ನಡೆದದ್ದೂ ಆಯಿತು.

ಆಗ ಅಧ್ಯಕ್ಷರ ಹೃದಯ ತುಂಬಿ ಬಂತು. ತುಂಬಿದ ಹೃದಯದ ಎದುರಿಗೆ ಮೈಕೂ ಇತ್ತು.

"ಇಂಥಾ ಮಹಾನ್ ವಿದ್ವಾಂಸರನ್ನ ಬರೀ ಶಾಲು ಹೊದಿಸಿ ಕಳಿಸೋಕಾಯ್ತದಾ? ಪ್ರೇಮಕುಮಾರಿ ಮೇಡಂ ಅವರನ್ನ ಈ ಕ್ಷಣದಿಂದಲೇ ನಮ್ಮ ಸಂಘದ ಆಜೀವ ನಿರ್ದೇಶಕರನ್ನಾಗಿ ಮಾಡಿಕೊಂಡಿದ್ದೀವಿ!"

ಚಪ್ಪಾಳೆಯ ನಡುವೆ ಕಾಂತರಾಜು ಧಡಕ್ಕನೆ ಎದ್ದರು. ಮೇಡಂ ಬಂದರೆ ಅಧ್ಯಕ್ಷರ ಕಡೆ ಹನ್ನೆರಡಾಗುತ್ತದೆಂದು ಅವರಿಗೆ ಲೆಕ್ಕ ಸಿಕ್ಕಿತ್ತು. "ಸಂತೋಷ! ಆದ್ರೆ ಮೇಡಂದು ಒಂದು ಎಲ್ಲಿ? ಕಲ್ಲಲ್ಲಿ ತೋರ್ಸಿ!"

ಸಭೆ ಕಲ್ಲಿನ ಕಡೆ ತಿರುಗಿತು. ಪೃಥ್ವಿರಾಜ್ ಕಾಲು ನಾಲ್ಕನೆಯ ಹೆಜ್ಜೆ ಇಡಲಾರದೆ ಗಾಳಿಯಲ್ಲೇ ಉಳಿಯಿತು.

"ನನ್ನನ್ನ ಬಿಟ್ಟುಬಿಡಿ," ಎಂದರು ಪ್ರೇಮಕುಮಾರಿ ಗಾಬರಿಯಿಂದ. "ಇಪ್ಪತ್ತನಾಲ್ಕು ಮಾಡಬೇಡಿ. ಅದು ಮೂರರಿಂದ ಹೋಗುತ್ತೆ, ಏಳರಿಂದ ಹೋಗುತ್ತೆ, ಹನ್ನೊಂದು, ಹದಿಮೂರು, ಮೂವತ್ತೇಳು, ಎಲ್ಲದರಿಂದಲೂ ಹೋಗುತ್ತೆ. ಇಪ್ಪತ್ತಮೂರು ಬಿಟ್ಟರೆ ಮುಂದಿನದು ಮುನ್ನೂರ ಹದಿನೇಳು."

"ಮೈಕಿನಾಗೆ ಹೇಳಿದ್ದನ್ನ ವಾಪಸ್ ತಗೊಳೋದು ನಮ್ಮ ವಂಶದಾಗೇ ಇಲ್ಲ," ಎಂದರು ಪರಮಶಿವಯ್ಯ. ಸ್ವಲ್ಪ ಯೋಚಿಸಿದರು. ಕಾಂತರಾಜೂ ಯೋಚಿಸಿದರು. ಇನ್ನೂರ ತೊಂಬತ್ತಮೂರು ಹೊಸ ಸದಸ್ಯರು! ತನ್ನ ಕಡೆಯವರನ್ನೇ ತುಂಬಿಬಿಟ್ಟರೆ ಸಂಘ ಸಾಯುವ ತನಕ ತನ್ನದೇ. ಈ ಯೋಚನೆ ಇಬ್ಬರ ತಲೆಗೂ ಒಂದೇ ಗಳಿಗೆಯಲ್ಲಿ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಒಂದೇ ದನಿಯಲ್ಲಿ, "ಮುನ್ನೂರ ಹದಿನೇಳೇ ಆಗ್ಲಿ!" ಎಂದರು.

ಪರಮಶಿವಯ್ಯನವರು ಕವರಿನಿಂದ ಆರ್ಡರ್ ತೆಗೆದು, ಅಲ್ಲೇ ಪೆನ್ನಿನಲ್ಲಿ ಒಂದು ಸಾಲು ಸೇರಿಸಿ, ಪೃಥ್ವಿರಾಜ್ ಕೈಗಿತ್ತರು. ಫೋಟೊ ತೆಗೆದರು. ಕೆಳಗಿಳಿದು ಓದಿದರೆ ಹೀಗಿತ್ತು: "ಸಂಘದ ಸದಸ್ಯರ ಸಂಖ್ಯೆ ಸರಿಯಾಗಿ ಮುನ್ನೂರ ಹದಿನೇಳಾದ ದಿನದಿಂದ ಈ ಆದೇಶ ಜಾರಿ."

"ನೀವೇ ಮುಂದೆ ನಿಂತು ಮಾಡ್ಸಿ ಮೇಷ್ಟ್ರೆ, ಸಂಖ್ಯೆ ನಿಮ್ದೇ ಅಲ್ವಾ?" ಎಂದು ಅಧ್ಯಕ್ಷರು ಬೆನ್ನು ತಟ್ಟಿ, ಸದಸ್ಯತ್ವದ ಖಾಲಿ ಅರ್ಜಿಗಳ ಒಂದು ಕಟ್ಟನ್ನು ಅವರ ಕಂಕುಳಿಗೆ ತುರುಕಿದರು.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪೃಥ್ವಿರಾಜ್ ಮೊದಲು ಅಳುವಂತಾದರು. ಆದರೆ ಅರ್ಧ ದಾರಿಯಲ್ಲಿ ಅವರಿಗೊಂದು ವಿಷಯ ಹೊಳೆಯಿತು. ತಾನೇಕೆ ಮನೆಮನೆ ಸುತ್ತಬೇಕು? ಇಬ್ಬರು ಹಟಮಾರಿಗಳೂ ಪೈಪೋಟಿಗೆ ಬಿದ್ದು ಜನ ಸೇರಿಸುತ್ತಾರೆ. ವಾರ ಸಾಕು! ಚನ್ನರಾಯಪಟ್ಟಣದಲ್ಲಿ ಇಳಿದು, ಹಾಸನದ ಬಸ್ಸು ಬರುವ ತನಕ ಒಂದು ಮಸಾಲೆದೋಸೆ ಹೇಳಿ ಹೆಂಡತಿಗೆ ಫೋನ್ ಮಾಡಿದರು.

"ಶಾಂತಿ, ಆರ್ಡರ್ ಕೈಗೆ ಬಂತು ಕಣೆ. ಜಾರಿಗೆ ಒಂದು ವಾರ ಅಷ್ಟೇ. ಅಮ್ಮಂಗೂ ಹೇಳಿಬಿಡು."

"ನಿಜವಾಗ್ಲೂನಾ? ಅತ್ತೆಗೆ ಈಗ್ಲೇ ಹೇಳ್ತೀನಿ, ತಡೀರಿ," ಎಂದು ಶಾಂತಿ ಓಡಿದ ಸದ್ದು ಕೇಳಿಸಿತು.

ದೋಸೆಯ ಮೊದಲ ತುತ್ತು ಬಾಯಿಗಿಟ್ಟರು. ಫೋನ್ ಬಂತು. ಪರಮಶಿವಯ್ಯನವರು.

"ಮೇಷ್ಟ್ರೆ, ಒಂದು ಸಣ್ಣ ತೊಂದರೆ. ಕಾಂತರಾಜು ಒಂದೇ ಗಂಟೇಲಿ ವಾಟ್ಸಾಪ್‌ನಾಗೆ ನೂರೆಂಬತ್ತು ಹೆಸರು ಕಳ್ಸವ್ನೆ. ನಾನು ಸುಮ್ನಿರ್ತೀನಾ? ನೂರೆಪ್ಪತ್ತು ಕಳ್ಸಿದೀನಿ. ಇನ್ನೂ ಬತ್ತಾನೆ ಅವೆ. ಈಗ ಒಟ್ಟು ಮುನ್ನೂರ ಎಪ್ಪತ್ನಾಲ್ಕು."

ಮೇಷ್ಟ್ರು ಮನಸ್ಸಿನಲ್ಲೇ ಕಳೆದರು. "ಸಾರ್... ಐವತ್ತೇಳು ಜನ ಜಾಸ್ತಿ ಆಯ್ತು. ತೆಗೆದುಬಿಡಿ ಸಾರ್!"

"ಯಾರ್ನ ತೆಗೆಯೋದು, ಹೇಳಿ? ಅದಕ್ಕೇ ಫೋನ್ ಮಾಡ್ದೆ. ಮುನ್ನೂರ ಹದಿನೇಳರ ಮುಂದಿಂದು ಎಷ್ಟು?"

"ಸಾವಿರದ ಮೂವತ್ತೊಂದು," ಎಂದರು ಪೃಥ್ವಿರಾಜ್, ದೋಸೆಯನ್ನೇ ನೋಡುತ್ತಾ.

"ಓ, ಅಷ್ಟೇನಾ! ಭಾನುವಾರದೊಳಗೆ ದಾಟೋಯ್ತದೆ. ಅದ್ರ ಮುಂದಿಂದೂ ಹೇಳ್ಬುಡಿ, ಆರ್ಡರ್‌ನಾಗೆ ಅದನ್ನೇ ತಿದ್ಬುಡನ."

ಆಗಲೂ ಒಂದು ಸುಳ್ಳು ಹೇಳಬಹುದಿತ್ತು.

"ನಲವತ್ತೊಂಬತ್ತು ಸಾವಿರದ ಎಂಬತ್ತೊಂದು, ಸಾರ್."

ಆ ಕಡೆ ಕೊಬ್ಬರಿ ಮಂಡಿಯ ಬೆರಳುಗಳು ಲೆಕ್ಕಕ್ಕೆ ಮಡಚಿಕೊಳ್ಳುತ್ತಿರಬೇಕು ಎಂದುಕೊಂಡರು ಮೇಷ್ಟ್ರು.

"ಅಷ್ಟು ಜನಕ್ಕೆ ಬಾಗೂರು ಸಾಲ್ದು," ಎಂದರು ಪರಮಶಿವಯ್ಯ ಕೊನೆಗೆ. "ಹೊಳೆನರಸೀಪುರ, ಅರಕಲಗೂಡೂ ಸೇರಿಸ್ಕೋಬೇಕಾಯ್ತದೆ. ನೀವು ಒಂದ್ಕೆಲ್ಸ ಮಾಡಿ ಮೇಷ್ಟ್ರೆ. ನಾಳೆ ಬೆಳಗ್ಗೆ ಶಾಲೆಗೆ ಬರ್ಬ್ಯಾಡಿ. ಅರ್ಜಿ ಕಟ್ಟು ಐತಲ್ಲ, ಅರಕಲಗೂಡು ಬಸ್ ಹತ್ಕಳಿ."